ಕೆರೆಯಂಚಿನ ನೀಲಿ ಹೂವಿಗೆ ಕಾವಲು

ಮೊಮ್ಮಕ್ಕಳೇ, ಇದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ, ಬರೆದಿಡುತ್ತೇನೆ. ನಾನು ಒಬ್ಬಳ ಮೇಲೆ ಸೇಡು ತೀರಿಸಿಕೊಂಡಿದ್ದೇನೆ. ಅವಳು ನಿಮ್ಮ ದೊಡ್ಡಜ್ಜಿ, ನನ್ನ ಓರಗಿತ್ತಿ.

ನಮ್ಮೂರ ಕೆರೆಯ ಹಿಂಭಾಗದ ಜೌಗಿನಲ್ಲಿ ಬೆರಳುದ್ದದ ಕಡ್ಡಿಯ ಮೇಲೆ ನೀಲಿ ಹೂ ಬಿಡುತ್ತದೆ. ಗೌರಿ ಹಬ್ಬದ ಬೆಳಿಗ್ಗೆ ಹೆಂಗಸರು ಕೆರೆಯಿಂದ ಗಂಗೆ ತರುವಾಗ ಕಳಶಕ್ಕೆ ಅದೇ ಹೂ ಆಗಬೇಕು. ಮದುವೆಯಾಗಿ ಬಂದಾಗಿನಿಂದ ಕೆಸರಿಗಿಳಿದು ಅದನ್ನು ಕಿತ್ತು ತರುತ್ತಿದ್ದವಳು ನಾನು. ನಿಮ್ಮ ತಾತ ತೀರಿಕೊಂಡ ವರ್ಷವೂ ಅಭ್ಯಾಸಬಲದಿಂದ ತಟ್ಟೆ ತುಂಬ ತಂದೆ. ಎಲ್ಲರ ಮುಂದೆ ಓರಗಿತ್ತಿ ತಟ್ಟೆ ಕಸಿದುಕೊಂಡು ಹೂವನ್ನು ತಿಪ್ಪೆಗೆ ಸುರಿದಳು.

"ಹೂವಿಗೆ ಕೈ ಇಕ್ಕಬ್ಯಾಡ ಕಣೇ. ನಿಂಗೆ ಇನ್ಯಾಕೆ ಹೂವು?"

ನಾನು ಕಾಲಿನ ಕೆಸರು ತೊಳೆದುಕೊಂಡು ಒಳಗೆ ಹೋದೆ. ಆ ಮಾತನ್ನು ಮಾತ್ರ ಮರೆಯದೆ ಇಟ್ಟುಕೊಂಡೆ.

ಕೆಲವು ಮಳೆಗಾಲ ಕಳೆದ ಮೇಲೆ ಕೊರಟಗೆರೆ ಕಡೆಯಿಂದ ಗಿಡಗಳ ಪಾಠ ಹೇಳುವ ಒಬ್ಬ ಮೇಡಂ ಬಂದು ಆ ಹೂವನ್ನು ವಿಚಾರಿಸಿದರು. ನಾನೇ ಕರೆದೊಯ್ದು ತೋರಿಸಿದೆ. ಅವರು ಕೆಸರಲ್ಲೇ ಮಂಡಿಯೂರಿದರು. ಮಧುಗಿರಿ, ಶಿರಾ ಕಡೆಯ ಕೆರೆಗಳಲ್ಲೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲವಂತೆ, ಅಳಿವಿನಂಚಿನ ಗಿಡವಂತೆ.

"ಬೀಜ ಕಟ್ಟೋ ಹೊತ್ತಿಗೇ ಯಾರೋ ಬೇರುಸಮೇತ ಕೀಳ್ತಿದ್ದಾರಲ್ಲಮ್ಮ" ಎಂದರು.

ಗೌರಿ ಹಬ್ಬಕ್ಕೆ ಈಗ ನನ್ನ ಓರಗಿತ್ತಿ ಕೀಳುತ್ತಾಳೆ ಎಂದು ಹೇಳಿಬಿಟ್ಟೆ. ನಾನೂ ವರ್ಷಗಟ್ಟಲೆ ಕಿತ್ತಿದ್ದನ್ನು ಹೇಳಲಿಲ್ಲ.

ಪಂಚಾಯ್ತಿಯವರು ಬೋರ್ಡು ನೆಟ್ಟರು: ಹೂ ಕೀಳಬಾರದು. ನೋಡಿಕೊಳ್ಳುವವರು ಯಾರು ಎಂದು ಸಭೆಯಲ್ಲಿ ಕೇಳಿದಾಗ, ಎಂದೂ ನಾಲ್ಕು ಜನರೆದುರು ತುಟಿ ಬಿಚ್ಚದ ನಾನು ಕೈ ಎತ್ತಿದೆ.

ಆ ಗೌರಿ ಹಬ್ಬದ ಬೆಳಿಗ್ಗೆ ಜೌಗಿನ ಪಕ್ಕದ ಬಂಡೆಯ ಮೇಲೆ ಕೂತಿದ್ದೆ. ಓರಗಿತ್ತಿ ಅದೇ ತಟ್ಟೆ ಹಿಡಿದು ಬಂದಳು.

"ಹೂವಿಗೆ ಕೈ ಇಕ್ಕಬ್ಯಾಡ ಕಣಕ್ಕ" ಎಂದೆ.

"ಹಬ್ಬಕ್ಕೆ ಕಣೇ! ಒಂದೇ ಒಂದು ಕಡ್ಡಿ."

"ಬೋರ್ಡು ಐತಲ್ಲ. ನಾನೇ ಓದಿ ಹೇಳ್ಲಾ?"

"ನಿನ್ನ ಗಂಡ ನೆಟ್ಟ ತೋಟನೇನೇ ಇದು?"

"ಅಲ್ಲ. ಅದುಕ್ಕೇ ಮುಂಡೆ, ಮುತ್ತೈದೆ ಅಂತೇನಿಲ್ಲ. ಯಾರೂ ಕೀಳಂಗಿಲ್ಲ."

ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಓರಗಿತ್ತಿ ಬೇಲಿಯ ಕಣಗಿಲೆ ಹೂವನ್ನು ಕಳಶಕ್ಕೆ ಸಿಕ್ಕಿಸಿಕೊಂಡು ಹೋದಳು. ನಾನು ಅವಳ ಬೆನ್ನು ಮರೆಯಾಗುವವರೆಗೂ ನೋಡಿದೆ. ಆ ದಿನ ಉಂಡಷ್ಟು ರುಚಿಯಾಗಿ ನಾನು ಯಾವ ಹಬ್ಬದಲ್ಲೂ ಉಂಡಿಲ್ಲ.

ಈಗ ಹೂವು ಜೌಗಿನ ಆಚೆ ಬದಿಗೂ ಹಬ್ಬಿದೆ. ಮೇಡಂ ಬಂದಾಗಲೆಲ್ಲ, ಗಿಡದ ಮೇಲೆ ನನಗೆಷ್ಟು ಪ್ರೀತಿ ಎಂದು ಹೊಗಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ, ನಾಚಿಕೆ ಎಂದುಕೊಳ್ಳುತ್ತಾರೆ. ಬರುವ ಹಬ್ಬಕ್ಕೂ ಬೆಳಕು ಹರಿಯುವಷ್ಟರಲ್ಲಿ ಬಂಡೆಯ ಮೇಲಿರುತ್ತೇನೆ. ಅವಳು ಬರಲಿ.