ಚರ್ಮದ ಅಂಗಿ ತೊಟ್ಟ ರೇಡಿಯೋ

ಹಗುರವಾದ ವಸ್ತುಗಳನ್ನು ಹೊತ್ತು ಹೊತ್ತು ನನಗೆ ಸಾಕಾಗಿದೆ. ಭಾರವಾದದ್ದನ್ನು ಹೊರುವವನಿಗೆ ಒಂದು ಅನುಕೂಲವಿದೆ. ಅವನು ಹೊತ್ತಿರುವುದು ಭಾರವೆಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಯಾರಾದರೂ ಒಂದು ಕಡೆ ಹಿಡಿಯುತ್ತಾರೆ, ಬಸ್ಸಿನಲ್ಲಿ ಜಾಗ ಬಿಡುತ್ತಾರೆ. ಹಗುರವಾದದ್ದಕ್ಕೆ ಆ ಮರ್ಯಾದೆಯಿಲ್ಲ. 'ಏನು ಸ್ವಾಮಿ, ಕೈಚೀಲ ಒಂದೇ ತಾನೆ' ಎಂದು ಕಂಡಕ್ಟರು ನನ್ನನ್ನು ಹಿಂದಿನ ಬಾಗಿಲಿಗೆ ತಳ್ಳುತ್ತಾನೆ. ಆ ಚೀಲದೊಳಗೆ ಒಂದು ಟಾರ್ಚು, ಒಂದು ಫ್ಲಾಸ್ಕು, ಒಂದು ಟ್ರಾನ್ಸಿಸ್ಟರ್ ಇವೆ, ಮೂರಕ್ಕೂ ನಾನೊಬ್ಬನೇ ಆಳು ಎಂಬುದು ಅವನಿಗೆ ತಿಳಿಯದು.

ನಾನು ಒಂದು ಪತ್ರಿಕೆಗೆ ಜಿಲ್ಲೆಯ ವರದಿಗಾರ. ಹಾಸನದಲ್ಲಿ ಮನೆ, ಬಸ್ಸಿನಲ್ಲಿ ಬದುಕು. ಕಂಡದ್ದನ್ನು ಕಂಡಷ್ಟೇ ಬರೆಯುವುದು, ಕೇಳಿದ್ದನ್ನು ಯಾರು ಹೇಳಿದರೆಂದು ಸೇರಿಸಿ ಬರೆಯುವುದು ನನ್ನ ಕೆಲಸ. ಆದ್ದರಿಂದ ಈ ವಸ್ತುಗಳ ಬಗ್ಗೆ ನಾನು ಹೇಳುವುದು ದೂರಲ್ಲ, ವರದಿ.

ಟಾರ್ಚಿನ ಗುಂಡಿಯನ್ನು ಮುಂದಕ್ಕೆ ಸರಿಸಿದರೆ ದೀಪ ಹತ್ತಬೇಕು. ಹತ್ತುತ್ತದೆ. ಆದರೆ ಚೀಲದಲ್ಲಿ ಟವಲು ಒತ್ತಿದರೂ ಸರಿಯುತ್ತದೆ. ಒಮ್ಮೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ, ಮಟಮಟ ಮಧ್ಯಾಹ್ನ, ನನ್ನ ಚೀಲ ಒಳಗಿನಿಂದ ಬೆಳಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ ಚೀಲವನ್ನೂ ನನ್ನನ್ನೂ ನೋಡಿ ಕೈಮುಗಿದಳು. ಅಂದು ಸಂಜೆ ಕತ್ತಲಲ್ಲಿ ಹಳ್ಳ ದಾಟುವಾಗ ಸೆಲ್ಲು ಸತ್ತಿತ್ತು. ಫ್ಲಾಸ್ಕಿನ ಬಿರಡೆಗೆ ಅದು ಕುಡಿದ ಮೊದಲ ಕಾಫಿಯ ನೆನಪು ಇನ್ನೂ ಹೋಗಿಲ್ಲ, ನಾನು ಹಾಲು ಹಾಕಿದರೂ ಕಾಫಿ, ನೀರು ಹಾಕಿದರೂ ಕಾಫಿ. ಹೊಸ ಬಾಲ್ ಪೆನ್ನು ಬೇಸಿಗೆಯಲ್ಲಿ ಜೇಬಿನೊಳಗೇ ಬರೆಯುತ್ತದೆ, ಕಾಗದದ ಮೇಲೆ ಬರೆಯಲು ಮಾತ್ರ ಅದಕ್ಕೆ ಮನಸ್ಸಿಲ್ಲ.

ನಮ್ಮ ತಾತನ ಬಳಿ ಎಲೆಯಡಿಕೆ ಹಾಕುವ ಬಟ್ಟೆಯ ಚಂಚಿ ಇತ್ತು. ಮಡಿಸಿ ಸುತ್ತಿ ಸೊಂಟಕ್ಕೆ ಸಿಕ್ಕಿಸುವಂಥದು. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ತಾತ ಮಾತಾಡುತ್ತ, ಎದುರಿನವರ ಮುಖ ಬಿಟ್ಟು ಕಣ್ಣು ಕದಲಿಸದೆ, ಎಲೆಗೆ ಸುಣ್ಣ ಬಳಿದು ಬಾಯಿಗಿಡುತ್ತಿದ್ದರು. ಬೆರಳಿಗೆ ಎಲ್ಲ ಗೊತ್ತಿತ್ತು. ಕೈಯಲ್ಲಿ ಹಿಡಿಯುವ ವಸ್ತು ಕೈಗೆ ತಿಳಿಯುವಂತಿರಬೇಕು ಎಂಬುದು ಆ ಚಂಚಿ ಹೊಲಿದವನಿಗೆ ಗೊತ್ತಿದ್ದಷ್ಟು ಈಗಿನ ಕಾರ್ಖಾನೆಯವರಿಗೆ ಗೊತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯವನ್ನು ಸುದ್ದಿಯೊಳಗೆ ಬೆರೆಸಬಾರದೆಂದು ಸಂಪಾದಕರು ಹೇಳುತ್ತಾರೆ. ಇದು ಸುದ್ದಿಯಲ್ಲವಾದ್ದರಿಂದ ಬೆರೆಸಿದ್ದೇನೆ.

ಟ್ರಾನ್ಸಿಸ್ಟರ್ ಕೊಂಡದ್ದು ಆ ಸಂಪಾದಕರ ಮಾತಿನ ಮೇಲೆಯೇ. ದೆಹಲಿಯಲ್ಲಿ ಏನು ನಡೆದಿದೆಯೆಂದು ತಿಳಿದಿದ್ದರೆ ಅರಕಲಗೂಡಿನ ಸುದ್ದಿಯನ್ನು ಎಷ್ಟು ಚಿಕ್ಕದಾಗಿ ಬರೆಯಬೇಕೆಂದು ತಾನಾಗಿ ಅರ್ಥವಾಗುತ್ತದೆ ಎಂದಿದ್ದರು. ಪೆಟ್ಟಿಗೆ ಎರಡು ಅಂಗೈ ಅಗಲ. ಹಾಕುವುದಕ್ಕೂ ದನಿ ಏರಿಸುವುದಕ್ಕೂ ಒಂದೇ ತಿರುಪು. ಅಂದರೆ ನಿನ್ನೆ ಹದವಾಗಿ ಇಟ್ಟಿದ್ದ ದನಿಯನ್ನು ಆರಿಸುವಾಗ ಕಳೆದುಕೊಂಡು ಇಂದು ಮೊದಲಿನಿಂದ ಹುಡುಕಬೇಕು. ಭೂಮಿಯ ಮೇಲಿನ ಸ್ಟೇಷನ್ನುಗಳನ್ನೆಲ್ಲ ಒಂದು ಗೇಣು ಗಾಜಿನ ಹಿಂದೆ ಒತ್ತೊತ್ತಾಗಿ ಕೂರಿಸಿದ್ದಾರೆ. ಕೆಂಪು ಮುಳ್ಳು ಒಂದು ಎಳ್ಳಿನಷ್ಟು ಸರಿದರೆ ಬೆಂಗಳೂರು ಹೋಗಿ ಯಾವುದೋ ದೇಶದವನು ಕೆಮ್ಮುತ್ತಾನೆ. ಪೆಟ್ಟಿಗೆಯ ಮುಖ ಯಾವ ದಿಕ್ಕಿಗಿದೆ ಎಂಬುದೂ ಮುಖ್ಯ. ಪೂರ್ವಕ್ಕಿದ್ದರೆ ಹಾಡುತ್ತದೆ, ಉತ್ತರಕ್ಕೆ ತಿರುಗಿಸಿದರೆ ಮುನಿಯುತ್ತದೆ. ಇದಿಷ್ಟನ್ನೂ ಮುಚ್ಚಿ ಒಂದು ಚರ್ಮದ ಅಂಗಿ. ತಿರುಪಿಗೆ ತೂತು, ದನಿಗೆ ಸಣ್ಣ ಸಣ್ಣ ತೂತು, ಭುಜಕ್ಕೆ ಪಟ್ಟಿ. ನೋಡಲು ಚೆನ್ನಾಗಿಯೇ ಇತ್ತು. ಅದನ್ನು ಮಾಡಿದವರು ಹೊಳೆನರಸೀಪುರದ ನಮ್ಮ ಅತ್ತೆಯ ಅಡುಗೆಮನೆಯನ್ನು ನೋಡಿರಲಿಲ್ಲ, ಅಷ್ಟೆ.

ಅತ್ತೆ ನಮ್ಮ ತಂದೆಯ ತಂಗಿ. ಅತ್ತೆಗೂ ಮಾವನಿಗೂ ಒಬ್ಬಳೇ ಮಗಳು, ಪದ್ಮ. ಅವಳಿಗೆ ಹಾಡು ಹೇಳಿಕೊಟ್ಟದ್ದು ಮೊದಲು ಅತ್ತೆಯೇ, ರುಬ್ಬುವ ಕಲ್ಲಿನ ಮುಂದೆ ಕೂತು. ಆಮೇಲೆ ರುದ್ರಪಟ್ಟಣದ ಕಡೆಯ ಮೇಷ್ಟರೊಬ್ಬರ ಹತ್ತಿರ ಕ್ರಮವಾಗಿ ಪಾಠವಾಯಿತು. ಅರಕಲಗೂಡಿಗೆ ಮದುವೆ ಮಾಡಿಕೊಟ್ಟರು. ಆ ಮನೆಯಲ್ಲಿ ಹೊಡೆಯುವವರು ಬೈಯುವವರು ಯಾರೂ ಇರಲಿಲ್ಲ, ಹಾಡು ಎನ್ನುವವರೂ ಇರಲಿಲ್ಲ. ತಂಬೂರಿಗೆ ಗವಸು ಹಾಕಿ ಅಟ್ಟಕ್ಕೇರಿಸಿದರು. ಎರಡು ಮಕ್ಕಳಾಗಿ, ಅವು ಶಾಲೆಗೆ ಹೋಗುವಂತಾದ ಮೇಲೆ, ಅವಳ ಗಂಡನಿಗೇ ಏನನ್ನಿಸಿತೋ, ತಂಬೂರಿ ಇಳಿಸಿಕೊಟ್ಟ. ಒಂದೆರಡು ವರ್ಷ ಸಾಧನೆ ಮಾಡಿದಳು, ರೇಡಿಯೋದವರ ಪರೀಕ್ಷೆಯಲ್ಲಿ ತೇರ್ಗಡೆಯಾದಳು, ಬೆಂಗಳೂರು ಸ್ಟೇಷನ್ನಿನಿಂದ ಬೆಳಗಿನ ಹೊತ್ತು ಕಾಲು ಗಂಟೆಯ ಹಾಡುಗಾರಿಕೆ ನಿಗದಿಯಾಯಿತು. ಅಲ್ಲಿ ಕೂತು ಹಾಡುವುದು, ಇಲ್ಲಿ ಕೇಳುವುದು. ಆ ಹೊತ್ತು ತಪ್ಪಿದರೆ ತಪ್ಪಿತು.

ಅತ್ತೆಗಿದ್ದ ಆತಂಕ ಒಂದೇ. ಅಷ್ಟು ವರ್ಷ ಗವಸು ಹಾಕಿಟ್ಟದ್ದು ತಂಬೂರಿಗೆ ಮಾತ್ರವೋ, ಕಂಠಕ್ಕೂ ಸೇರಿಯೋ? ಮಗಳು ತವರಿಗೆ ಬಂದಾಗ ಹಾಡು ಎಂದು ಕೇಳಲು ಅವರಿಗೆ ಧೈರ್ಯವಿರಲಿಲ್ಲ. 'ಇಲ್ಲಮ್ಮ, ಆಗೋಲ್ಲ' ಎಂದುಬಿಟ್ಟರೆ? ರೇಡಿಯೋದಲ್ಲಿ ಹಾಗೆನ್ನುವಂತಿಲ್ಲ. ಹೀಗಾಗಿ ನನಗೆ ಕರೆ ಬಂತು, ನಾನು ಹಿಂದಿನ ಸಂಜೆಯೇ ಟ್ರಾನ್ಸಿಸ್ಟರನ್ನು ಭುಜಕ್ಕೆ ಹಾಕಿಕೊಂಡು ಹೊಳೆನರಸೀಪುರಕ್ಕೆ ಹೋಗಿ ಇಳಿದೆ.

ತೊಂದರೆ ಹೊತ್ತಿನದು. ಹಾಡು ಬರುವ ಹೊತ್ತಿಗೆ ಅತ್ತೆ ಮಡಿಯಲ್ಲಿರುತ್ತಾರೆ. ಮಿಂದು, ಒದ್ದೆ ಸೀರೆಯುಟ್ಟು ಒಲೆಯ ಮುಂದೆ ಕೂತರೆ ದೇವರ ನೈವೇದ್ಯ ಮುಗಿಯುವವರೆಗೆ ಅವರು ಹೊರಗಿನ ಏನನ್ನೂ ಮುಟ್ಟುವಂತಿಲ್ಲ, ಹೊರಗಿನದು ಯಾವುದೂ ಒಳಗೆ ಬರುವಂತಿಲ್ಲ. ಕಿವಿಯೂ ಸ್ವಲ್ಪ ಮಂದ. ನಡುಮನೆಯಲ್ಲಿಟ್ಟರೆ ಕೇಳಿಸದು. ಜೊತೆಗೆ, ಮೊಳದಪ್ಪದ ಮಣ್ಣುಗೋಡೆಗಳ ಆ ಮನೆಯಲ್ಲಿ, ಮಡಿಯಿಲ್ಲದ ಆ ಸಂಜೆಯೇ, ನಾನು ಪೆಟ್ಟಿಗೆ ಹಿಡಿದು ಮೂಲೆ ಮೂಲೆ ಸುತ್ತಿದಾಗ ಬೆಂಗಳೂರು ಸ್ಪಷ್ಟವಾಗಿ ಕೇಳಿದ್ದು ಒಂದೇ ಕಡೆ: ಅಡುಗೆಮನೆಯ ಕಿಟಕಿಯ ಒಳಗಿನ ಕಟ್ಟೆಯ ಮೇಲೆ, ಉಪ್ಪಿನ ಮರಿಗೆಯ ಪಕ್ಕ.

ಮಾವ ನಿವೃತ್ತ ಶಾಲಾ ಮೇಷ್ಟರು, ಮಡಿಯ ವಿಷಯದಲ್ಲಿ ಮನೆಯ ಕೊನೆಯ ನ್ಯಾಯಾಲಯ. ಪೆಟ್ಟಿಗೆಯನ್ನು ದೂರದಿಂದಲೇ ಪರಿಶೀಲಿಸಿ, ಹೊದಿಕೆ ಚರ್ಮದ್ದೋ ಎಂದು ಕೇಳಿದರು. ಹೌದೆಂದೆ. ನಾನೂ ಸ್ವಲ್ಪ ಓದಿಕೊಂಡವನು, ವಾದ ಹೂಡಿದೆ. ಋಷಿಗಳು ಕೂತದ್ದು ಜಿಂಕೆಯ ಚರ್ಮದ ಮೇಲೆ. ಉಪನಯನದಲ್ಲಿ ವಟುವಿನ ಮೈಮೇಲೆ ಅದರದೇ ತುಂಡು. ದೇವರ ಎದುರಿಗೇ ಬಾರಿಸುವ ಮೃದಂಗದ ಎರಡು ಕಡೆಯೂ ಚರ್ಮ. ಮಡಿಗೆ ಶ್ರೇಷ್ಠವೆನ್ನುವ ರೇಷ್ಮೆಯಂತೂ ಹುಳುವಿನ ಬಾಯಿಂದ ಬಂದದ್ದು. ಮಾವ ತಲೆದೂಗುತ್ತಿದ್ದರು, ಗೆದ್ದೆನೆಂದುಕೊಂಡೆ. ಅಡುಗೆಮನೆಯ ಬಾಗಿಲಿಗೆ ಬಂದು ಕೇಳುತ್ತಿದ್ದ ಅತ್ತೆ ಹೇಳಿದರು:

"ಮೃದಂಗದವನು ದೇವಸ್ಥಾನದಲ್ಲಿ ಬಾರಿಸ್ತಾನೆ ಕಣೋ. ನನ್ನ ಉಪ್ಪಿನ ಮರಿಗೆ ಹತ್ರ ಬಂದು ಕೂರ್ತಾನೇನೋ?"

ವಾದ ಮುಗಿಯಿತು. ಚರ್ಮದ ಅಂಗಿ ಬಿಚ್ಚುವುದೆಂದು ತೀರ್ಮಾನವಾಯಿತು. ಅಂಗಿ ಬಿಚ್ಚಿದ ಟ್ರಾನ್ಸಿಸ್ಟರ್ ಎಷ್ಟು ಬಡಪಾಯಿ ಎಂದು ಅಂದೇ ನಾನು ಕಂಡದ್ದು. ಹಿಡಿಕೆಯಿಲ್ಲ, ಪಟ್ಟಿಯಿಲ್ಲ, ಹಿಂದಿನ ಮುಚ್ಚಳವೂ ಸಡಿಲ. ಅದರ ಘನತೆಯೆಲ್ಲ ಅಂಗಿಯದೇ ಆಗಿತ್ತು. ಕೆಲವು ಅಧಿಕಾರಿಗಳನ್ನೂ ನಿವೃತ್ತಿಯ ಮರುದಿನ ಹೀಗೆ ಕಂಡಿದ್ದೇನೆ. ಮಾವ ತಮ್ಮ ಹಳೆಯ ರೇಷ್ಮೆ ಪಂಚೆಯ ತುಂಡೊಂದನ್ನು ಕಿಟಕಿಯ ಕಟ್ಟೆಗೆ ಹಾಸಲು ತೆಗೆದಿಟ್ಟರು. ಅವರಿಗೂ ಆಸೆಯಿತ್ತು, ಬಾಯಲ್ಲಿ ಮಾತ್ರ ಹೇಳುತ್ತಿರಲಿಲ್ಲ.

ಬೆಳಿಗ್ಗೆ ನಾನು ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದೆ. ಒಳಗೆ ಮಾವನ ಮಂತ್ರ ಕೇಳುತ್ತಿತ್ತು, ದಿನದ ಪೂಜೆಯೆಂದುಕೊಂಡೆ. ಒಳಗೆ ಬಂದು ನೋಡಿದರೆ ನಡುಮನೆಯಲ್ಲಿ ಪೆಟ್ಟಿಗೆ ರೇಷ್ಮೆಯ ಮೇಲೆ ಕೂತಿದೆ, ನೆತ್ತಿಯ ಮೇಲೆ ತುಳಸಿ, ಮುಖದಿಂದ ನೀರು ತೊಟ್ಟಿಕ್ಕುತ್ತಿದೆ. ಹೊರಗಿನ ವಸ್ತುವನ್ನು ಒಳಕ್ಕೆ ತರುವ ಮುನ್ನ ನೀರು ಚಿಮುಕಿಸಿ ಶುದ್ಧಿ ಮಾಡುವುದು ಆ ಮನೆಯ ಪದ್ಧತಿ. ಸಾಮಾನ್ಯವಾಗಿ ನಾಲ್ಕು ಹನಿ. ಆದರೆ ಇದು ಮಗಳು ಬಂದು ಕೂರುವ ಪೀಠ. ಮಾವ ಧಾರಾಳವಾಗಿಯೇ ಚಿಮುಕಿಸಿದ್ದರು. ದನಿ ಬರುವ ತೂತುಗಳೆಲ್ಲ ತೀರ್ಥ ಕುಡಿದಿದ್ದವು.

ತಿರುಪು ತಿರುಗಿಸಿದೆ. ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಎಂದಿತು, ಆಮೇಲೆ ಅದೂ ಇಲ್ಲ. ಒರೆಸಿದೆ, ಬಿಸಿಲಿಗಿಟ್ಟೆ, ಸೆಲ್ಲು ತೆಗೆದು ಹಾಕಿದೆ. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. 'ಸರಿಹೋಯ್ತೇನೋ' ಎಂದು ಒಂದು ಸಲ ಕೇಳಿದರು, ಇಲ್ಲವೆಂದೆ.  ತರಕಾರಿ ಹೆಚ್ಚುವ ಸದ್ದು ನಿಂತಿತು. ಮಾವ ಪಂಚಪಾತ್ರೆ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಹಾಡಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು.

ಬೀದಿಯ ತುದಿಯಲ್ಲಿ ಜವರೇಗೌಡರ ಮನೆ. ಗದ್ದೆ, ಹಿಟ್ಟಿನ ಗಿರಣಿ ಎರಡೂ ಇದ್ದ ಅನುಕೂಲಸ್ಥರು. ಅವರ ಪಡಸಾಲೆಯಲ್ಲಿ ದೊಡ್ಡ ಕರೆಂಟ್ ರೇಡಿಯೋ ಇತ್ತು, ಒಬ್ಬರಿಂದ ಎತ್ತಲಾಗದಂಥದು. ನಾನು ಅದರ ಹೆಸರೆತ್ತುವ ಮೊದಲೇ ಮಾವನ ಬಾಯಿಂದ ಬಂತು.

"ಹೋಗೇ. ಗೌಡರ ಮನೆಗೆ ಹೋಗು. ಒಲೆ ನಾನು ನೋಡ್ಕೋತೀನಿ."

ಅತ್ತೆ ತಾವು ಮಡಿಯಲ್ಲಿರುವುದನ್ನು ನೆನಪಿಸಿದರು. ಮಡಿ ಬಾವಿಯಲ್ಲಿದೆ, ಬಂದು ಇನ್ನೊಂದು ಸಲ ಮಿಂದರಾಯಿತು, ಹಾಡು ಬಾವಿಯಲ್ಲಿಲ್ಲ ಎಂದರು ಮಾವ. ಇಷ್ಟು ವರ್ಷದ ಕಟ್ಟುನಿಟ್ಟಿನ ಮನುಷ್ಯ ಸೌಟು ಹಿಡಿದು ಒಲೆಯ ಮುಂದೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅತ್ತೆ ಒದ್ದೆ ಸೀರೆಯಲ್ಲೇ ಬೀದಿಗಿಳಿದರು, ನಾನು ಹಿಂದೆ. ಗೌಡರು ಜಗಲಿಯಲ್ಲಿ ಬೀಡಿ ಸೇದುತ್ತಿದ್ದವರು ಎದ್ದು ನಿಂತು ಬೀಡಿ ಎಸೆದರು. ವಿಷಯ ಹೇಳಿದೆ.

"ನಿಮ್ದು ಸಣ್ದು ಕೆಟ್ಟೋಯ್ತಾ ಸಾ? ಅದ್ಕೇ ಕಣ್ ಸಾ ನಾನು ದೊಡ್ಡದೇ ಮಡೀಕಂಡಿರದು. ಇದಕ್ಕೆ ನೀರ್ ಉಯ್ದ್ರೆ ಇದು ಕೆಡಕಿಲ್ಲ, ಉಯ್ದೋನು ಕೆಡ್ತಾನೆ."

ಬನ್ನಿ ಅಮ್ಮಾರೆ, ಒಳಗೆ ಕೂತ್ಕಳಿ ಎಂದು ಅವರ ಹೆಂಡತಿ ನಂಜಮ್ಮ ಕರೆದರು. ಅತ್ತೆ ಅಂಗಳದಲ್ಲೇ ನಿಂತರು. ಗೌಡರು ಗುಂಡಿ ಒತ್ತಿದರು. ದೊಡ್ಡ ರೇಡಿಯೋ ದೊಡ್ಡ ಮನುಷ್ಯರಂತೆ, ಕರೆದ ತಕ್ಷಣ ಮಾತಾಡುವುದಿಲ್ಲ. ದೀಪ ಹತ್ತಿ ಕಾವೇರುವವರೆಗೆ ಕಾಯಬೇಕು. ಕಾಯುವಾಗ ನಾನು ಸ್ಟೇಷನ್ ಹಿಡಿಯೋಣವೆಂದು ಕೈಯಿಟ್ಟರೆ ಅಲ್ಲಿ ತಿರುಪೇ ಇಲ್ಲ, ಬರೀ ಕಡ್ಡಿ.

"ಕಿತ್ತು ಬೀರೂಲಿ ಮಡಗಿವ್ನಿ ಸಾ," ಎಂದರು ಗೌಡರು. "ಇದ್ರೆ ಐಕ್ಳು ಸಿಲೋನ್‌ಗೆ ತಿರುಗುಸ್ಬುಡ್ತವೆ. ಮಳೆ ಸುದ್ದಿ, ಬೆಲ್ಲದ ಧಾರಣೆ ಬೆಂಗಳೂರ್ನಾಗೇ ಬತ್ತದೆ. ಅದೊಂದು ಸಾಕಲ್ವಾ?"

ಈ ಹಲವು ವರ್ಷಗಳಲ್ಲಿ ರೇಡಿಯೋ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ಸ್ಟೇಷನ್ ಇದ್ದಲ್ಲೇ ಇತ್ತು. ಮೊದಲು ಗುಂಯ್ ಎಂದಿತು, ಆಮೇಲೆ ನಮ್ಮ ಪದ್ಮ.

ಹಾಡು ಆಗಲೇ ಶುರುವಾಗಿತ್ತು. ಅತ್ತೆ ಒಂದೊಂದೇ ಹೆಜ್ಜೆ ಮುಂದೆ ಬಂದದ್ದು ನನಗೆ ಗೊತ್ತಾಗಲಿಲ್ಲ. ನೋಡಿದಾಗ ಅವರು ಅಂಗಳ ಬಿಟ್ಟು, ಜಗಲಿ ಬಿಟ್ಟು, ಪಡಸಾಲೆಯ ಕಂಬಕ್ಕೆ ಕೈಯಿಟ್ಟು ನಿಂತಿದ್ದರು. ಎರಡನೆಯ ಹಾಡಿನಲ್ಲಿ ಮಗಳು ಮೇಲಿನ ಷಡ್ಜಕ್ಕೆ ಏರುವಾಗ ಅತ್ತೆಯ ಕೊರಳೂ ಸ್ವಲ್ಪ ಮೇಲಕ್ಕೆದ್ದಿತು. ಮುಟ್ಟಿದಳು, ನಿಂತಳು, ಇಳಿದಳು. ಅತ್ತೆ ಉಸಿರು ಬಿಟ್ಟರು.

"ಇದೆ," ಎಂದರು. ಅಷ್ಟೇ. ಆಮೇಲೆ ನಂಜಮ್ಮನ ಕಡೆ ತಿರುಗಿ, "ನನ್ನ ಮಗಳು" ಎಂದರು. ನಂಜಮ್ಮ, ಗೊತ್ತು ಕಣವ್ವ, ಸಣ್ಣೋಳಾಗಿದ್ದಾಗ ನಮ್ಮ ಕಣದಲ್ಲೇ ಕುಣೀತಿದ್ದೋಳಲ್ವಾ ಎಂದು ಅತ್ತೆಯ ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಂಡದ್ದು ನಾನು ನೋಡಲಿಲ್ಲ.

ಅಂದು ಊಟ ತಡವಾಯಿತು. ಮಾವ ನೋಡಿಕೊಂಡ ಹುಳಿ ತಳ ಹಿಡಿದಿತ್ತು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡೆವು. ಹೇಗಿತ್ತೆಂದು ಮಾವ ಕೇಳಲಿಲ್ಲ. ಬಾವಿಯ ಹತ್ತಿರ ಎರಡನೆಯ ಸಲ ಮೀಯುತ್ತ ಅತ್ತೆ ಆ ಹಾಡನ್ನೇ ಗುನುಗುತ್ತಿದ್ದರು. ಕೇಳಬೇಕಾದದ್ದನ್ನು ಅವರು ಕೇಳಿಸಿಕೊಂಡಿರಬೇಕು.

ಹಾಸನದಲ್ಲಿ ಟ್ರಾನ್ಸಿಸ್ಟರ್ ರಿಪೇರಿಯಾಯಿತು. ಕೆಲವು ತಿಂಗಳ ಮೇಲೆ ಪದ್ಮನಿಗೆ ಮತ್ತೊಂದು ಕಾರ್ಯಕ್ರಮ ಸಿಕ್ಕಿತು. ನಾನು ದರ್ಜಿಯಿಂದ ಹೊಸ ಬಟ್ಟೆಯ ಅಂಗಿ ಹೊಲಿಸಿ, ಒಳಗೆ ನೀರಿಳಿಯದಂತೆ ಮೇಣಗಪ್ಪಡ ಕೊಡಿಸಿ, ಹೊಳೆನರಸೀಪುರಕ್ಕೆ ಹೋಗಿ ಅತ್ತೆಯ ಮುಂದಿಟ್ಟೆ. ಈಗ ಇದು ಉಪ್ಪಿನ ಮರಿಗೆಯ ಪಕ್ಕ ಕೂರಬಹುದು, ನೀವು ಎಲ್ಲಿಗೂ ಏಳಬೇಕಾಗಿಲ್ಲ ಎಂದೆ. ಅತ್ತೆ ಹೊಲಿಗೆಯನ್ನು ಮೆಚ್ಚಿಕೊಂಡರು.

"ನೀನೇ ಇಟ್ಕೋ ಕಣೋ. ನಾವು ಅಡುಗೆ ಬೇಗ ಮುಗಿಸಿ ಗೌಡರ ಮನೆಗೆ ಹೋಗ್ತೀವಿ, ನಿಮ್ಮ ಮಾವನೂ ಬರ್ತಾರಂತೆ. ಇಲ್ಲಿ ಒಬ್ಬಳೇ ಕೂತು ಕೇಳಿದ್ರೆ, ಇವಳು ನನ್ನ ಮಗಳು ಅಂತ ಯಾರಿಗೆ ಹೇಳ್ಲಿ? ಉಪ್ಪಿನ ಮರಿಗೆಗಾ?"