ಸಾಕು ಅಂದವರ ಎಲಿಗೆ ಬಡಿಸಿದ್ದು

ನಮ್ಮ ಮನಿಗೆ ಊಟಕ್ಕ ಬಂದವರು ನನ್ನ ಬೆನ್ನ ಹಿಂದ ಜುಗ್ಗಿ ಅಂತಾರ. ಅನ್ನಲಿ. ನಮ್ಮ ಶಹಾಪುರ, ಸುರಪುರ ಕಡೆ ಎಲಿ ಮುಂದ ಕುಂತವರು ಸಾಕು ಅಂದ ಮ್ಯಾಲನ ಖರೆ ಊಟ ಸುರು ಆಗ್ತದ. ಸಾಕಂದ್ರ ಇನ್ನೊಂದು ರೊಟ್ಟಿ, ಒಲ್ಲೆ ಅಂದ್ರ ಅದರ ಮ್ಯಾಲ ತುಪ್ಪ, ಕೈ ಅಡ್ಡ ಹಿಡದ್ರ ಬೆರಳ ಸಂದ್ಯಾಗಿಂದ ಪಲ್ಯ. ಹಂಗ ಜಬರ್ದಸ್ತಿ ಮಾಡಲಿಲ್ಲ ಅಂದ್ರ ಕರದದ್ದು ಬರೇ ಬಾಯಿ ಮಾತಿಗೆ ಅಂತ ತಿಳೀತಾರ. ನಾ ಮಾತ್ರ ಒಮ್ಮಿ ಕೇಳ್ತೀನಿ. ಸಾಕು ಅಂದ್ರ ಸೌಟು ಬೋಗಾಣ್ಯಾಗ ಇಟ್ಟುಬಿಡ್ತೀನಿ. ಮಂದಿ ಮುಂದ ಮರ್ಯಾದಿ ಕಳೀತೀರಿ ಅತ್ತಿ ಅಂತ ಸೊಸಿ ಮಾರಿ ಉಬ್ಬಸ್ತಾಳ. ಅಕಿಗಿ ಯಾಕಂತ ಹೇಳಾಕ ನನಗ ಇಷ್ಟು ವರ್ಷ ನಾಲಿಗಿ ಏಳಲಿಲ್ಲ.

ನಿಜಾಮರ ರಾಜ್ಯ ಇನ್ನೂ ನಡದಿತ್ತು. ದೊಡ್ಡ ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೆ ಕಾಣ್ತಿರಲಿಲ್ಲ. ಶಹಾಪುರದಿಂದ ಸುರಪುರಕ್ಕ ಬರೂ ಮೋಟಾರು ಬೆನ್ನಿಗೆ ಇದ್ದಲಿ ಒಲಿ ಕಟಗೊಂಡು, ಕೆಮ್ಮಿಕೋತ ಕೆಮ್ಮಿಕೋತ ಬರ್ತಿತ್ತು. ಸುರಪುರ ಬಂತಂದ್ರ ಅದರ ಹಾದಿ ಮುಗೀತು. ಅಲ್ಲಿಂದ ನಮ್ಮ ದೇವಾಪುರಕ್ಕ ಚಕ್ಕಡಿ, ಇಲ್ಲಾ ಕಾಲ್ನಡಗಿ. ನಮ್ಮ ಕಾಕಿ ಹಡಿಯಾಕ ಆಗದ ಒದ್ದಾಡಿದಾಗ ಚಕ್ಕಡ್ಯಾಗ ಕೌದಿ ಹಾಸಿ ಸುರಪುರದ ದವಾಖಾನಿಗೆ ಒಯ್ದ್ರು. ಅಕಿ ದವಾಖಾನಿ ಮುಟ್ಟಲಿಲ್ಲ. ಹಾದ್ಯಾಗ ತೀರಿಕೊಂಡ್ಲು, ಹೊಟ್ಟ್ಯಾಗಿನ ಕೂಸೂ ಹೋತು.

ಅದಾದ ಮ್ಯಾಲ ನಮ್ಮಪ್ಪ ಊರ ಹಿರ್ಯಾರನ್ನ ಕರಕೊಂಡು ಮೋಟಾರು ನಡಸೂ ಶಹಾಪುರದ ಸಾಹೇಬರ ಹಂತ್ಯಾಕ ಹೋದ. ಒಮ್ಮಿ ಅಲ್ಲ, ಕೆರ ಹರಿಯೂಮಟ ಹೋದ. ಮೋಟಾರು ಸುರಪುರದಾಗ ನಿಂದ್ರದ ದೇವಾಪುರಮಟ ಬರಲಿ ಅನ್ನೂದು ಒಂದ ಮಾತು. ಕಡೀಕ ಸಾಹೇಬರು ಒಪ್ಪಿದ್ರು, ಒಪ್ಪುವಾಗ ಒಂದು ಷರತ್ತು ಹಾಕಿದ್ರು. ಮೋಟಾರು ಹೊತ್ತಿಗೆ ಸರಿಯಾಗಿ ತಿರುಗಿ ಶಹಾಪುರ ಮುಟ್ಟಬೇಕು. ಊರವರು ಅದನ್ನ ತಡದು ನಿಂದ್ರಿಸಿದ್ದು ಗೊತ್ತಾದ್ರ, ಮರುದಿನದಿಂದ ಮತ್ತ ಸುರಪುರಕ್ಕ ನಿಂತಬಿಡ್ತದ. ನಮ್ಮವರು ಗೋಣು ಹಾಕಿದ್ರು. ಆವಾಗ ಏನ್ ಹೇಳಿದ್ರೂ ಹಾಕ್ತಿದ್ರು ಬಿಡ್ರಿ.

ಆ ಮೋಟಾರು ಹೊಡೀತಿದ್ದವರು ಭೀಮಾ ಹೊಳಿ ದಂಡಿಯವರು, ಅಂಬಿಗರ ಮನಿಯವರು. ಅಪ್ಪ ಹರಿಗೋಲಿನ್ಯಾಗ ಮಂದಿನ್ನ ದಾಟಿಸಿದ, ಮಗ ಗಾಲಿ ಮ್ಯಾಲ ದಾಟಸ್ತಾನ ಅಂತ ಅವರ ನಗ್ತಿದ್ರು. ನಾವು ಡ್ರೈವರಣ್ಣ ಅಂತಿದ್ವಿ. ನಸುಕಿನ್ಯಾಗ ಎದ್ದು ಇದ್ದಲಿ ಹೊತ್ತಿಸಿ, ಅದು ಕಾವು ಹಿಡಿಯೂಮಟ ಗಾಳಿ ಹಾಕಿ, ಮಾರಿ ಎಲ್ಲಾ ಮಸಿ ಮಾಡಿಕೊಂಡು ಗಾಡಿ ಹತ್ತೂ ಮನಿಷಾ. ಮುದುಕೇರನ್ನ ಕೈ ಹಿಡದು ಇಳಸ್ತಿದ್ರು. ಯಾರಿಗೆರೆ ಸುರಪುರದಿಂದ ಔಷಧ ಬೇಕಂದ್ರ ಮರೀದ ತಂದು ಕೊಡ್ತಿದ್ರು.

ಹೊಳಿ ದಾಟಿಸಿದವರನ್ನ ಹಸಿವ್ಯಾಗ ಕಳಸಬಾರದು ಅಂತ ನಮ್ಮ ಕಡೆ ಹಳೀ ಮಾತು. ಹರಿಗೋಲಿನವಗ ಇದ್ದ ಆ ರೂಢಿ ಮೋಟಾರಿನವರಿಗೂ ಬಂತು. ಇವತ್ತು ಇವರ ಮನಿ ರೊಟ್ಟಿ, ನಾಳಿ ಅವರ ಮನಿ ಮುದ್ದಿ. ಹಾದಿ ಮ್ಯಾಲಿನ ಊರುಗೋಳಿಗೆಲ್ಲಾ ಇದ ಹುಚ್ಚು. ಡ್ರೈವರಣ್ಣಗ ಒಲ್ಲೆ ಅನ್ನಾಕ ಬರ್ತಿರಲಿಲ್ಲ. "ದಾಕ್ಷಿಣ್ಯಕ್ಕ ಬಸರಾದ್ಲಂತ, ಹಂಗಾತು ನೋಡ್ರೆವಾ ನನ್ನ ಹೊಟ್ಟಿ" ಅಂತ ಹೊಟ್ಟಿ ಸವರಿಕೊಂಡು ಹೆಂಗಸರನ್ನ ನಗಸ್ತಿದ್ರು. ಉಂಡ ಮ್ಯಾಲ ಒಂದೀಟು ಅಡ್ಡಾಗಾಕ ಹೊತ್ತಿರಲಿಲ್ಲ, ಶಹಾಪುರದಾಗ ಸಾಹೇಬರ ಗಡಿಯಾರ ಕಾಯ್ತಿತ್ತು. ಉಣಿಸಾಕ ನಮಗ ಗೊತ್ತಿತ್ತು. ಉಂಡವರಿಗೆ ನಿದ್ದಿ ಬರ್ತದ, ಆ ನಿದ್ದಿಗಣ್ಣಿನ್ಯಾಗ ಅವರು ನಮ್ಮನ್ನ ಹೊತಗೊಂಡು ಹೋಗಬೇಕು ಅನ್ನೂದು ಒಬ್ಬರಿಗೂ ಹೊಳೀಲಿಲ್ಲ.

ಇನ್ನ ಎಳ್ಳ ಅಮಾಸಿ ಅಂದ್ರ ನಿಮಗ ಗೊತ್ತದಲ್ಲ. ಊರಿಗೆ ಊರ ಹೊಲದಾಗಿರ್ತದ. ಭೂಮ್ತಾಯಿಗೆ ಎಡಿ ಮಾಡಿ, ಎಡಿ ಅಡಗಿ ಹೊಲದ ತುಂಬ ಚರಗ ಅಂತ ಚೆಲ್ಲಿ, ಬೆಳಿ ನಡುವ ಕುಂತು ಉಣ್ಣೂ ಹಬ್ಬ. ಆವತ್ತು ಹಾದಿ ಮ್ಯಾಲ ಹೋಗೂ ಯಾರನ್ನೂ ಉಣಿಸದ ಬಿಡಂಗಿಲ್ಲ, ವೈರಿ ಇದ್ರೂ ಕೈ ಹಿಡದು ಎಳಕೊಂಡು ಹೋಗ್ತಾರ. ಮೋಟಾರಿನ ಹಾದಿ ತುಂಬ ಎರಡೂ ಕಡೆ ಹೊಲ. ಶಹಾಪುರ ಬಿಟ್ಟದ್ದ ತಡ, ಹೊಲಕ್ಕೊಬ್ರು ಅಡ್ಡ ನಿಂತು ಕೈ ಮಾಡ್ಯಾರ. ಮೋಟಾರಿನ್ಯಾಗ ಕುಂತ ಮಂದಿನೂ ಇಳೀರಿ ಅಂತ ಹೇಳಿ ತಾವೂ ಇಳದು ಉಂಡಾರ.

ಆ ವರ್ಷ ನಮ್ಮವ್ವನ ಕೈ ಮ್ಯಾಲ ಎಣ್ಣಿ ಸಿಡದು ಗುಳ್ಳಿ ಎದ್ದಿದ್ವು. ಹಂಗಾಗಿ ಅಡಗಿ ಎಲ್ಲಾ ನಂದ. ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗಿ, ಗಡಿಗಿ ತುಂಬ ಅಂಬಲಿ. ನನಗಿನ್ನೂ ಲಗ್ನ ಆಗಿರಲಿಲ್ಲ, ಶಹಾಪುರದಾಗ ಮಾತುಕತಿ ನಡದಿತ್ತು. ಇಂಥಾ ಅಡಗಿ ಒಬ್ಬಾಕೆನ ಮಾಡ್ಯಾಳ ಅಂತ ನಾಕು ಮಂದಿ ಬಾಯಾಗ ಕೇಳಬೇಕು ಅನ್ನೂ ಆಶಾ. ಸೊಕ್ಕು ಅನ್ನಿ ಬೇಕಾದ್ರ. ನಮ್ಮ ಹೊಲ ಮೋಟಾರು ತಿರುಗೂ ಜಾಗಾದ ಮಗ್ಗಲಕ್ಕ ಇತ್ತು. ಹೊತ್ತು ಇಳಿಯಾಕ ಹತ್ತಿದಾಗ ಮೋಟಾರು ಬಂತು. ನಾ ಬದುವಿನ ಮ್ಯಾಲ ಓಡಿ ಹೋಗಿ ಕರದೆ.

ಡ್ರೈವರಣ್ಣಾರು ಕಣ್ಣು ತಿಕ್ಕೋತ ಇಳದ್ರು. "ತಂಗೀ, ಇವತ್ತೊಂದಿನ ಬಿಡವಾ. ಶಹಾಪುರದಿಂದ ಹೊಲಾ ಹೊಲಾ ಇಳಿಸಿ ಉಣಿಸ್ಯಾರ. ಸಾಕಾಗ್ಯಾದ."

ಅವ್ವ ಒಂದೀಟು ಕಟ್ಟಿ ಕೊಡು, ಮನ್ಯಾಗ ಉಣ್ಲಿ ಅಂದ್ಲು. ಹಂಗ ಮಾಡಿದ್ದಿದ್ರ ಏನ್ ಕಡಿಮಿ ಆಗ್ತಿತ್ತು. ಊಟ ಬಲ್ಲವಗ ರೋಗಿಲ್ಲ, ಮಾತು ಬಲ್ಲವಗ ಜಗಳಿಲ್ಲ ಅಂತಾರ. ನನಗ ಮಾತು ಬಲ್ಲೆ ಅನ್ನೂ ಭ್ರಮಾ.

"ಮಂದಿ ಹೊಲದಾಗೆಲ್ಲಾ ಹಸಿವು, ನಮ್ಮ ಹೊಲಕ್ಕ ಬಂದಾಗ ಸಾಕೇನಣ್ಣಾ? ನಿಮ್ಮ ಸ್ವಂತ ತಂಗಿ ಬಡಿಸಿದ್ದಿದ್ರ ಬ್ಯಾಡ ಅಂತಿದ್ರೇನ್ರಿ?"

ಅವರು ನನ್ನ ಮಾರಿ ನೋಡಿದ್ರು. ಎಲಿ ಮುಂದ ಬಂದು ಕುಂತ್ರು. ನಾ ಬಡಿಸಿದೆ. ಕೈ ಅಡ್ಡ ಹಿಡದ್ರು, ಬಡಿಸಿದೆ. ಮ್ಯಾಲ ದೊಡ್ಡ ತಂಬಿಗಿ ಅಂಬಲಿ ಕೊಟ್ಟೆ. ಛಲೋ ಮಾಡಿದಿಯವಾ ಅಂತ ಹೇಳಿ, ಮೊಣಕಾಲ ಮ್ಯಾಲ ಕೈ ಊರಿ ಎದ್ರು. ನಾ ಗೆದ್ದವರಂಗ ಎಲಿ ಎತ್ತಿ ಬದುವಿನ ಮ್ಯಾಲ ಒಗದೆ.

ಸುರಪುರದ ಗುಡ್ಡ ಕಾಣೂ ತಿರುವಿನ್ಯಾಗ ಅವರ ಕಣ್ಣು ಹತ್ತಿತು. ಮೋಟಾರು ಹಾದಿ ಬಿಟ್ಟು ಹೊಲಕ್ಕ ಇಳದು ಬೇವಿನ ಗಿಡಕ್ಕ ಬಡೀತು. ಹಿಂದ ಕುಂತವರಿಗೆ ತರಚಿತು, ಒಬ್ಬಿಬ್ಬರ ತಲಿ ಒಡೀತು, ಜೀವಕ್ಕ ಯಾರಿಗೂ ಏನೂ ಆಗಲಿಲ್ಲ. ಡ್ರೈವರಣ್ಣಾರ ಬಲಗೈ ಮಾತ್ರ ಬಾಗಲಕ್ಕೂ ಗಿಡಕ್ಕೂ ನಡುವ ಸಿಕ್ಕಿತ್ತು. ಸುದ್ದಿ ಬಂದಾಗ ನಾ ಹೊಲದಾಗ ಭಾಂಡೆ ತಿಕ್ಕಾಕತ್ತಿದ್ದೆ. ಅವರು ಉಂಡ ಎಲಿ ಅಲ್ಲೇ ಬದುವಿನ ಮ್ಯಾಲ ಬಿದ್ದಿತ್ತು.

ಮುಂದ ಸುದ್ದಿ ಹೊಳ್ಳಿತು. ಹಬ್ಬದ ದಿನ ಸಿಂದಿ ಕುಡದಿದ್ದ, ಅದಕ್ಕ ಗಿಡಕ್ಕ ಹೊಡದ ಅಂತ ಸುರಪುರದಾಗ ಮಂದಿ ಆಡಿಕೊಂಡ್ರು. ಸಾಹೇಬರು ತಪಾಸಕ್ಕ ನಮ್ಮೂರ ಚಾವಡಿಗೆ ಬಂದ್ರು. ಕೈ ಕೊರಳಿಗೆ ಕಟ್ಟಿದ್ದ ಡ್ರೈವರಣ್ಣಾರನ್ನೂ ಕರಕೊಂಡು ಬಂದಿದ್ರು. ನಾವು ಹೆಂಗಸರು ಎದುರು ಮನಿ ಬಾಗಲ ಮರೀಗೆ ನಿಂತಿದ್ವಿ.

ಆವತ್ತು ಈ ಊರಾಗ ಯಾರರೆ ಮೋಟಾರು ತಡದು ಇವನ್ನ ಊಟಕ್ಕ ಕುಂದ್ರಿಸಿದ್ರೇನು ಅಂತ ಸಾಹೇಬರು ಕೇಳಿದ್ರು. ಹೌದು ಅಂದ್ರ ಕುಡದಿಲ್ಲ ಅಂತ ಅವರ ಹೆಸರು ಉಳೀತದ. ಹೌದು ಅಂದ್ರ ಮರುದಿನದಿಂದ ನಮ್ಮ ಮೋಟಾರು ಬಂದ್. ನಮ್ಮಪ್ಪ ನೆಲ ನೋಡಿದ. ಊರ ಹಿರ್ಯಾರೊಬ್ರು ಇಲ್ರಿ, ಯಾರೂ ತಡದಿಲ್ರಿ ಅಂದ್ರು. ಹಬ್ಬದಾಗ ಅವರಿಗೆ ಉಣಿಸಿದ ಮಂದಿನ ಅಲ್ಲಿ ತುಂಬಿತ್ತು, ಒಬ್ಬರೂ ಉಸುರು ಬಿಡಲಿಲ್ಲ.

ನಾ ಹೊಸ್ತಿಲ ದಾಟಾಕ ಹೋದೆ. ಅವ್ವ ಆ ಗುಳ್ಳಿ ಎದ್ದ ಕೈಲೆನ ನನ್ನ ರಟ್ಟಿ ಹಿಡದ್ಲು. "ನಿಮ್ಮ ಕಾಕಿನ್ನ ನೆನಸಿಕೋ" ಅಂದ್ಲು, ಅಷ್ಟ. ನನ್ನ ಕಾಲು ನಿಂತ್ವು. ಅವ್ವ ಹಿಡದದ್ದಕ್ಕ ನಿಂತೆ ಅಂತ ಭಾಳ ವರ್ಷ ಮನಸಿಗೆ ಹೇಳಿಕೊಂಡೀನಿ. ಗುಳ್ಳಿ ಎದ್ದ ಕೈ ಅದು, ಕೊಸರಿದ್ರ ಬಿಡ್ತಿತ್ತು.

ಸಾಹೇಬರು ಅವರ ಕಡೆ ಹೊಳ್ಳಿದ್ರು. ಡ್ರೈವರಣ್ಣಾರು ನಮ್ಮಪ್ಪನ್ನ ಒಮ್ಮಿ ನೋಡಿದ್ರು, ಮೋಟಾರು ತಿರುಗೂ ಜಾಗಾ ಒಮ್ಮಿ ನೋಡಿದ್ರು.

"ಬುತ್ತಿ ನಾ ಮನಿಯಿಂದ ತಂದಿದ್ದೆ ಹುಜೂರ್. ಇಲ್ಲಿ ಯಾರೂ ನನ್ನ ನಿಂದ್ರಿಸಿಲ್ಲ. ಕಣ್ಣು ಹತ್ತಿತು. ಕಸೂರು ನಂದು."

ಹಾಡಹಗಲಿ ನಿದ್ದಿ ಹೆಂಗ ಬರ್ತದ ಅಂತ ಸಾಹೇಬರು ಗದರಿಸಿದ್ರು. ತಪ್ಪು ನಂದ ಹುಜೂರ್ ಅಂತ ಅವರು ಮತ್ತೊಮ್ಮಿ ಅಂದ್ರು. ಕುಡದವ ಅನ್ನೂ ಮಾತು ಹಂಗ ಅವರ ಮ್ಯಾಲ ಕುಂತುಬಿಡ್ತು. ಸಾಹೇಬರು ಅವರ ಅಂಗಿ ಮ್ಯಾಲಿನ ಡ್ರೈವರಕಿಯ ಹಿತ್ತಾಳಿ ಬಿಲ್ಲಿ ಅಲ್ಲೇ ಬಿಚ್ಚಿಸಿಕೊಂಡ್ರು. ಎಡಗೈಲೆ ಬಿಚ್ಚಾಕ ಬರಲಿಲ್ಲ, ನಮ್ಮಪ್ಪನ ಬಿಚ್ಚಿ ಕೊಟ್ಟ. ಆ ರಾತ್ರಿ ನಮ್ಮಪ್ಪ ಉಣಲಿಲ್ಲ. ನಾವು ಯಾರೂ ಅವಗ ಉಣ್ಣು ಅನ್ನಲಿಲ್ಲ.

ಮೋಟಾರು ನಮ್ಮೂರಿಗೆ ಬರೂದು ನಿಲ್ಲಲಿಲ್ಲ. ಸಾಹೇಬರಿಗೆ ಒಳಗ ಖರೆ ತಿಳಿದಿತ್ತೋ ಏನೋ, ಅದರ ಸಂಗಾಟ ಹೊಸಾ ಹುಕುಂ ಬಂತು. ಡ್ರೈವರು ಸುರಪುರದಾಗ ಉಂಡು, ನೆಳ್ಳಿನ್ಯಾಗ ಅಡ್ಡಾಗಿ, ಮಾರಿ ತೊಳಕೊಂಡ ಮ್ಯಾಲನ ಮುಂದ ಹೋಗಬೇಕು. ಹಾದ್ಯಾಗ ಯಾರೂ ಕೈ ಮಾಡಂಗಿಲ್ಲ, ಏನೂ ಕೊಡಂಗಿಲ್ಲ. ಹೊತ್ತಿನ ಲೆಕ್ಕಾನೂ ಸಡ್ಲ ಮಾಡಿದ್ರು. ಛಲೋ ಹುಕುಂ. ಒಬ್ಬ ಮನಿಷಾನ ಕೈ ಹೋದ ಮ್ಯಾಲ ಬಂತು. ಹೊಸಾ ಡ್ರೈವರು ನಮ್ಮೂರಾಗ ನೀರು ಸೈತ ಮುಟ್ಟತಿರಲಿಲ್ಲ. ಹೆಂಗಸರು ಸೊಕ್ಕಿನಂವ ಅಂತ ಬೈದ್ರ ನಾ ಅಲ್ಲಿಂದ ಎದ್ದು ಹೋಗ್ತಿದ್ದೆ.

ನನಗ ಶಹಾಪುರದಾಗ ಲಗ್ನ ಆತು. ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಗ ನನಗೂ ಕಾಕಿದ ಹಣೆಬರಾ ಎದ್ದು ನಿಂತಿತು. ಅವ್ವ ಎದಿ ಬಡಕೊಂಡ್ಲು. ಮೋಟಾರು ಬರೂ ಹೊತ್ತಿತ್ತು, ಬಂತು, ಅದರಾಗ ಮಲಗಿಸಿ ಸುರಪುರಕ್ಕ ಒಯ್ದ್ರು. ನನ್ನ ಮಗ ದವಾಖಾನ್ಯಾಗ ಹುಟ್ಟಿದ. ಎಲ್ಲಾರೂ ದೇವರು ದೊಡ್ಡಾಂವ ಅಂದ್ರು. ಯಾರ ಕೈ ಕೊಟ್ಟು ಉಳಿಸಿಕೊಂಡ ಮೋಟಾರು ಅದು ಅಂತ ನನಗ ಗೊತ್ತಿತ್ತು. ಮಗನ ಮಾರಿ ಮೊದಲ ಸಲ ನೋಡಿದಾಗ ಖುಷಿಕಿಂತ ಮೊದಲ ನಾಚಿಕಿ ಬಂತು.

ಶಹಾಪುರದಾಗ ಮೋಟಾರು ನಿಂದ್ರೂ ಜಾಗಾದಾಗ ಅವರನ್ನ ಆಗಾಗ ನೋಡ್ತಿದ್ದೆ. ಇಂಜಿನ್ನಿಗೆ ನೀರು ತುಂಬೂ ಕೆಲಸ ಕೊಟ್ಟಿದ್ರು. ಬಲಗೈ ಮೊಳಕೈಯಾಗ ಮಡಚ್ತಿರಲಿಲ್ಲ, ಎಡಗೈಲೆ ಕೊಡ ಎತ್ತತಿದ್ರು. ಎಲ್ಲಿ ಕಣ್ಣಿಗೆ ಬೀಳ್ತೀನೋ ಅಂತ ನಾ ಸೆರಗು ಮುಂದ ಎಳಕೊಂಡು ದಾಟ್ತಿದ್ದೆ. ಕಳ್ಳಿ ಹಂಗ.

ಮುಂದೊಂದು ಎಳ್ಳ ಅಮಾಸಿಗೆ ತವರಿಂದ ಹೊಳ್ಳಿ ಬರಾಕತ್ತಿದ್ದೆ. ಬಗಲಾಗ ಮಗ, ಕೈಯಾಗ ಹಬ್ಬದ ಬುತ್ತಿ. ಇಳದಾಗ ಅವರು ಎದುರಿಗೇ ಕೊಡ ಹಿಡಕೊಂಡು ನಿಂತಿದ್ರು. ತಪ್ಪಿಸಿಕೊಳ್ಳಾಕ ಹಾದಿ ಇರಲಿಲ್ಲ.

"ಇದ ಏನವಾ ತಂಗಿ, ಮೋಟಾರಿನ್ಯಾಗ ಸುರಪುರಕ್ಕ ಹೋದ ಕೂಸು?" ಅಂದ್ರು. ಡ್ರೈವರುಗಳ ಬಾಯಾಗ ಕೇಳಿದ್ರಂತ. ಕೂಸಿನ ಗಲ್ಲ ಹಿಂಡಿ, ದೇವಾಪುರಕ್ಕ ಮೋಟಾರು ಹೊತ್ತಿಗೆ ಬರ್ತದೋ ಇಲ್ಲೋ ಅಂತ ಕೇಳಿದ್ರು. ಬರ್ತದ್ರಿ ಅಂದೆ. ಬುತ್ತಿ ಮುಂದ ಚಾಚಿದೆ. ಮನಿಗೆ ಒಯ್ರಿ ಅನ್ನೂದಿತ್ತು. ಅವರು ಅಲ್ಲೇ ಗಿಡದ ಬುಡಕ ಕುಂತ್ರು.

"ಬಡಸವಾ. ಈಗ ನನಗೇನು ಗಾಡಿ ಹೊಡಿಯೂದದ? ಹೊಟ್ಟಿ ತುಂಬ ಉಣ್ತೀನಿ."

ಅವರ ಮಾತಿನ್ಯಾಗ ಕುಟುಕಿರಲಿಲ್ಲ, ಖರೇನ ಖುಷಿಯಿಂದ ಅಂದ್ರು. ನಾ ಬುತ್ತಿ ಬಿಚ್ಚಿ, ಎಲಿ ಹಾಸಿ, ರೊಟ್ಟಿ ಮುರದು ಇಟ್ಟೆ, ಭಜ್ಜಿ ಹಾಕಿದೆ. ಅವರು ಎಡಗೈ ಮುಂದ ಮಾಡಿ, ಎಡಗೈ ಅಂತ ಬ್ಯಾಸರ ಮಾಡಿಕೋಬ್ಯಾಡ, ಇದು ಬಾಯಿಗೆ ಮುಟ್ಟಂಗಿಲ್ಲ ಅಂತ ಬಲಗೈ ತೋರಿಸಿದ್ರು. ಹಬ್ಬದ ಊಟಾನ ಎಡಗೈಲೆ, ಎಲ್ಲಾರ ಎದುರಿಗೆ, ಸಾವಕಾಶ ಉಂಡ್ರು. ನಾ ಮಗನ್ನ ಎದಿಗೆ ಅವಚಿಕೊಂಡು ಕುಂತಿದ್ದೆ. ರೂಢಿ ನೋಡ್ರಿ, ಅವರ ಎಲಿ ಖಾಲಿ ಆಗಿದ್ದು ಕಂಡು ನನ್ನ ಕೈ ತಾನ ಹೋಳಿಗಿ ಎತ್ತಿತು.

"ಸಾಕವಾ" ಅಂದ್ರು.

ನಾ ಕೈ ಹಿಂದಕ್ಕ ತಗೊಂಡೆ.