ಪರೀಕ್ಷೆ ಇದೆ, ಹಾಸ್ಟೆಲ್ ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಆಡಳಿತ ಕಚೇರಿಯ ಹಿಂಬದಿಯ ಪುಟ್ಟ ಕ್ಯಾಂಟೀನಿನಲ್ಲಿ ದೊಡ್ಡಕ್ಕ ಒಬ್ಬರೇ ನಿಂತು ಲೋಟ ತೊಳೆಯುತ್ತಿದ್ದಾರೆ. ಲೋಟಗಳ ತಳದಲ್ಲಿ ನಿನ್ನೆಯ ಚಹಾ ಒಣಗಿ ಅಂಟಿಕೊಂಡಿದೆ.

"ನಿನ್ನೆ ಸಂಜೆ ಮೀಟಿಂಗ್ ಇತ್ತು. ಮುಂದಿನ ವರ್ಷ ಪಾಠ ಯಾವಾಗ ಶುರು, ಪರೀಕ್ಷೆ ಯಾವಾಗ, ರಜೆ ಯಾವಾಗ ಅಂತ ತೀರ್ಮಾನ ಮಾಡ್ತಾರಲ್ಲ, ಅದು," ಎನ್ನುತ್ತಾರೆ. ಅವರ ಮಾತಿನಲ್ಲಿ ಕಹಿಯಿಲ್ಲ. ಕಹಿ ಇರುವುದು ಕೇಳುತ್ತಿರುವ ನನ್ನಲ್ಲಿ. ಏಕೆಂದರೆ ಹೋದ ವರ್ಷದವರೆಗೂ ಈಕೆ ಹುಡುಗಿಯರ ಹಾಸ್ಟೆಲ್ಲಿನ ಮುಖ್ಯ ಅಡುಗೆಯವರು. ಮದುವೆಯಾಗಿ ಬಂದ ಹೊಸದರಲ್ಲಿ ಈರುಳ್ಳಿ ಹೆಚ್ಚುವ ಕೆಲಸಕ್ಕೆ ಸೇರಿ, ಇಡೀ ಅಡುಗೆಮನೆಯನ್ನು ಕೈಗೆ ತೆಗೆದುಕೊಂಡವರು. ಅಂಥವರನ್ನು ತಂದು ಇಲ್ಲಿ ಲೋಟ ತೊಳೆಯಲು ನಿಲ್ಲಿಸಿದ್ದಾರೆ.

ಯಾಕೆ ಅಂತ ಕೇಳಿದರೆ ಮೈ ಉರಿಯುತ್ತದೆ.

ಮೊದಲು ಇಲ್ಲಿ ವರ್ಷಕ್ಕೊಂದೇ ಪರೀಕ್ಷೆ, ಒಂದೇ ದೊಡ್ಡ ರಜೆ. ಆಮೇಲೆ ಸೆಮಿಸ್ಟರ್ ಬಂತು. ವರ್ಷ ಎರಡು ಹೋಳಾಯಿತು, ಪರೀಕ್ಷೆ ಎರಡಾಯಿತು, ರಜೆಯೂ ಎರಡಾಯಿತು. ಒಂದೆರಡು ವಿಷಯ ಉಳಿಸಿಕೊಂಡವರಿಗೆ ಮರುಪರೀಕ್ಷೆ. ಅದನ್ನು ಪಾಠದ ದಿನಗಳಲ್ಲಿ ಇಟ್ಟರೆ ತರಗತಿ ಕೆಡುತ್ತದೆ ಎಂದು ರಜೆಯೊಳಗೆ ತುರುಕಿದರು. ಸರಿ. ಆದರೆ ರಜೆ ಬಂದ ಕೂಡಲೇ ಹಾಸ್ಟೆಲ್ಲಿಗೆ ಬೀಗ ಜಡಿಯುವುದು ಹಳೇ ನಿಯಮ. ಅದನ್ನು ಯಾರೂ ಮುಟ್ಟಲಿಲ್ಲ. ಪರೀಕ್ಷಾ ವಿಭಾಗದ ಬಾಗಿಲು, ಹಾಸ್ಟೆಲ್ ವಿಭಾಗದ ಬಾಗಿಲು ಒಂದೇ ಮಹಡಿಯಲ್ಲಿ ಎದುರುಬದುರು ಇವೆ. ನಡುವಿನ ಹಜಾರ ದಾಟಿ ಒಂದು ಮಾತು ಕೇಳುವುದಕ್ಕೆ ಇಷ್ಟು ವರ್ಷ ಯಾರಿಗೂ ಪುರುಸೊತ್ತಾಗಲಿಲ್ಲ!

ಹೋದ ವರ್ಷ ರಜೆ ಶುರುವಾದ ಮಧ್ಯಾಹ್ನ ಐದು ಹುಡುಗಿಯರು ಗೇಟಿನ ಹೊರಗೆ ಸೂಟ್‌ಕೇಸಿನ ಮೇಲೆ ಕೂತಿದ್ದರು. ಮುಂದಿನ ವಾರ ಅವರಿಗೆ ಮರುಪರೀಕ್ಷೆ. ನಾಲ್ವರ ಊರು ದೂರ, ಹೋಗಿ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿಯುತ್ತಿತ್ತು. ಐದನೆಯವಳು ಗಣಿತ ಓದುವ ಹುಡುಗಿ. ಪರೀಕ್ಷೆಯ ದಿನ ಜ್ವರದಿಂದ ಮಲಗಿ ಒಂದು ಪೇಪರ್ ಕಳೆದುಕೊಂಡವಳು. ಅವಳಿಗೆ ಊರೂ ಇಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಸಾಕಿದ ಚಿಕ್ಕಪ್ಪ, ಕಾಲೇಜಿಗೆ ಸೇರಿಸಿದ ದಿನವೇ "ಇನ್ನು ನಿನ್ನ ದಾರಿ ನೀನು ನೋಡ್ಕೋ" ಎಂದು ಕೈ ತೊಳೆದುಕೊಂಡಿದ್ದ. "ಹೊರಗೆ ಎಲ್ಲಾದ್ರೂ ರೂಮ್ ಮಾಡ್ಕೊಳ್ಳಿ" ಎಂದಷ್ಟೇ ಹೇಳಿ ವಾರ್ಡನ್ ಮೇಡಂ ಕಾರು ಹತ್ತಿದರು.

"ಅಡುಗೆಮನೆಗೆ ಬೀಗ ಹಾಕ್ತಾ ಇದ್ದೆ. ಕಿಟಕೀಲಿ ಕಂಡ್ರು," ದೊಡ್ಡಕ್ಕ ನೆನೆಯುತ್ತಾರೆ. "ಆ ಗಣಿತದವಳು ಬಿಸಿಲಲ್ಲೇ ಪುಸ್ತಕ ಬಿಚ್ಕೊಂಡು ಕೂತಿದ್ದಾಳೆ. ಬೀಗ ತೆಗೆದು ಅನ್ನಕ್ಕಿಟ್ಟೆ. ಉಂಡಾದ್ಮೇಲೆ, ನಡೀರಿ ನಮ್ಮನೆಗೆ ಅಂದೆ."

ಅವರ ಮನೆ ಎಂದರೆ ಎರಡು ಕೋಣೆ. ಗಂಡ ದರ್ಜಿ. ಹೊಲಿಗೆ ಯಂತ್ರ ಎತ್ತಿ ಹೊರಗಿನ ಕಟ್ಟೆಗೆ ಹಾಕಿಕೊಂಡರು. "ನನ್ನನ್ನ ಕೇಳಿದ್ರೆ ತಾನೇ ಬೇಡ ಅನ್ನೋದಕ್ಕೆ," ಎಂದು ಗಂಡ ಈಗಲೂ ನಗುತ್ತಾರೆ. ಅತ್ತೆ ಮೊದಲ ದಿನ ಮುಖ ಗಂಟು ಹಾಕಿಕೊಂಡವರು, ಮೂರನೇ ದಿನಕ್ಕೆ "ಓದೋ ಮಕ್ಕಳು, ಸದ್ದು ಮಾಡಬೇಡ" ಎಂದು ಮಗನ ಯಂತ್ರವನ್ನೇ ನಿಲ್ಲಿಸಿದರಂತೆ! ಐವರೂ ಅಲ್ಲಿಂದಲೇ ಹೋಗಿ ಪರೀಕ್ಷೆ ಬರೆದರು. ಪಾಸಾದರು.

ದೊಡ್ಡಕ್ಕನಿಗೆ ಸಿಕ್ಕಿದ್ದು ವಿಚಾರಣೆ. ಅನುಮತಿ ಇಲ್ಲದೆ ವಿದ್ಯಾರ್ಥಿನಿಯರನ್ನು ಮನೆಗೆ ಕರೆದೊಯ್ದಿದ್ದು, ರಜೆಯಲ್ಲಿ ಅಡುಗೆಮನೆ ತೆರೆದಿದ್ದು ತಪ್ಪಂತೆ.

"ಆ ಹುಡುಗಿಯರಿಗೆ ಏನಾದ್ರೂ ಆಗಿದ್ದಿದ್ರೆ ಯಾರಮ್ಮ ಜವಾಬ್ದಾರಿ?" ಎಂದು ವಾರ್ಡನ್ ಮೇಡಂ ಎಲ್ಲರೆದುರು ಕೇಳಿದರು.

"ಗೇಟಿನ ಹೊರಗೆ ಕೂರಿಸಿದ್ರಲ್ಲ ಮೇಡಂ, ಅಲ್ಲಿ ಏನಾದ್ರೂ ಆಗಿದ್ದಿದ್ರೆ?"

ಮರುವಾರವೇ ದೊಡ್ಡಕ್ಕನನ್ನು ಕ್ಯಾಂಟೀನಿಗೆ ತಳ್ಳಿದರು.

ಸುದ್ದಿ ತಿಳಿದ ಹುಡುಗಿಯರು ಸುಮ್ಮನಿರಲಿಲ್ಲ. ಗಣಿತದ ಹುಡುಗಿ ಮುಂದಾಗಿ ನಿಂತಳು. ಹಾಸ್ಟೆಲ್ಲಿನ ಅಷ್ಟೂ ಮಂದಿ ತಂತಮ್ಮ ಪೆಟ್ಟಿಗೆ ಹೊತ್ತು ತಂದು ಕುಲಪತಿಗಳ ಕೋಣೆಯ ಮುಂದೆ ಕೂತರು. ಎರಡು ದಿನ ಕದಲಲಿಲ್ಲ. ಕಡೆಗೆ ಕುಲಪತಿಗಳು ಹಜಾರದ ಆ ಎರಡು ಬಾಗಿಲಿನವರನ್ನೂ ಕರೆಸಿ ಕೂರಿಸಿದರು. ಈಗ ಮರುಪರೀಕ್ಷೆ ಮುಗಿಯುವವರೆಗೂ ಹಾಸ್ಟೆಲ್ ತೆರೆದಿರುತ್ತದೆ, ಅಡುಗೆಯೂ ಇರುತ್ತದೆ. ಇದನ್ನು ವಿಶ್ವವಿದ್ಯಾಲಯ "ವಿದ್ಯಾರ್ಥಿಸ್ನೇಹಿ ಸುಧಾರಣೆ" ಎಂದು ವೇದಿಕೆಯ ಮೇಲೆ ಹೇಳಿಕೊಂಡಿತು. ವಾರ್ಡನ್ ಮೇಡಂಗೆ ಶಾಲು ಹೊದಿಸಿತು. ಆ ಸಮಾರಂಭಕ್ಕೆ ಚಹಾ ಹೊತ್ತು ತಂದವರು ದೊಡ್ಡಕ್ಕ. ನಾಚಿಕೆ ಎಂಬುದೊಂದು ಬೇಡವೇ?

ಹುಡುಗಿಯರು ಆಕೆಯನ್ನೂ ವಾಪಸ್ ಕೇಳಿದ್ದರು. ಅದೊಂದು ಆಗಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದು ಕಚೇರಿ ತಳ್ಳುತ್ತಲೇ ಇದೆ.

ಹಾಸ್ಟೆಲ್ಲಿನ ಅಡುಗೆಮನೆ ನೆನಪಾಗುತ್ತದೆಯೇ ಎಂದು ಕೇಳುತ್ತೇನೆ. ದೊಡ್ಡಕ್ಕನ ಕೈ ನಿಲ್ಲುತ್ತದೆ. "ಆಗದೆ ಇರುತ್ತಾ? ಮಕ್ಕಳು ತಟ್ಟೆ ಹಿಡ್ಕೊಂಡು, ಅಕ್ಕಾ ಇನ್ನೊಂಚೂರು ಅಂತಿದ್ರು. ಇಲ್ಲಿ ಯಾರೂ ಇನ್ನೊಂಚೂರು ಕೇಳಲ್ಲ." ಇನ್ನೊಂದು ಲೋಟ ಎತ್ತಿಕೊಂಡು ಸೇರಿಸುತ್ತಾರೆ, "ಮೊನ್ನೆ ಕಚೇರಿಗೆ ಕರೆಸಿದ್ರು. ತಪ್ಪಾಯ್ತು ಅಂತ ಬರ್ಕೊಡು, ನಾಳೇನೇ ಅಲ್ಲಿಗೆ ಕಳಿಸ್ತೀವಿ ಅಂದ್ರು. ಹಾಳೆ, ಪೆನ್ನು ಎಲ್ಲ ಮುಂದೆ ಇಟ್ರು."

"ಬರೆದುಕೊಟ್ಟಿರಾ?"

"ನಂಗೆ ಬರೆಯೋಕೆ ಬರುತ್ತೆ ಸಾರ್," ಎನ್ನುತ್ತಾರೆ. "ಅದನ್ನ ಬರೆಯೋಕೆ ಮಾತ್ರ ಕೈ ಬರಲಿಲ್ಲ."